ಹದಿಮೂರು ಸೊನ್ನೆ ಆರರ ಚರಿತ್ರೆ

ಬ್ರೆಮರ್ಸ್ ಬೆಂಡ್, ಇಂಡಿಯಾನಾ
ಜನವರಿ ೬, ೧೯೪೬

ನನ್ನ ಮುದ್ದಿನ, ಕೈಗೇ ಸಿಗದ ಎಲ್ಡನ್,

ಯುದ್ಧ ಮುಗಿಯಿತು, ಅದರ ಹಿಂದೆಯೇ ಕ್ರಿಸ್‌ಮಸ್ ಕೂಡ ಮುಗಿಯಿತು. ನಮ್ಮ ಬೀದಿಯಲ್ಲಿ ಒಬ್ಬಂಟಿಯಾಗಿ ಚರ್ಚಿಗೆ ಹೋಗುವವರು ಈಗ ಇಬ್ಬರೇ, ನಾನು ಮತ್ತು ವಿಧವೆ ಮಿಸೆಸ್ ಓಲ್ಡಮ್. ಆಕೆ ಇವತ್ತು ನನ್ನ ಕೈ ಹಿಡಿದುಕೊಂಡು, "ಅಭ್ಯಾಸ ಆಗೋಗತ್ತೆ ಮಗಳೇ" ಅಂದರು. ನನಗೆ ಅಭ್ಯಾಸ ಆಗುವುದು ಬೇಡ. ಮದುವೆಯಾಗಿ ವರ್ಷ ದಾಟಿತು, ಆದರೂ ನಾನಿನ್ನೂ ಹೊಸ ಮದುಮಗಳು. ಹಳಬಳಾಗಬೇಕೆಂದರೆ ಜೊತೆಗೆ ಗಂಡ ಬೇಕಲ್ಲ. ರಜೆಯಲ್ಲಿ ಬಂದೆ, ಮದುವೆಯಾದೆ, ವಾರ ತುಂಬುವ ಮೊದಲೇ ಹೊರಟೆ. ನೀನು ಮೊಟ್ಟೆಯನ್ನು ಹೇಗೆ ತಿನ್ನುತ್ತೀಯ ಎಂಬುದು ಕೂಡ ನನಗೆ ಗೊತ್ತಿಲ್ಲ. ನಿನ್ನ ಅಮ್ಮನನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

ನಿನ್ನ ಡಿಸೆಂಬರ್ ಪತ್ರ ಬಂತು. ಆಸೆಯಿಂದ ಒಡೆದೆ. ನಾಲ್ಕು ಹಾಳೆ, ಅದರಲ್ಲಿ ಮೂರು ಹಡಗಿನ ಬಗ್ಗೆ. ಮುಂಬಾಗಿಲ ಒಂದು ಕದ ಸರಿಯಾಗಿ ಮುಚ್ಚುವುದಿಲ್ಲವಂತೆ, ಎಡಗಡೆ ಎಂಜಿನ್ ಕೆಮ್ಮುತ್ತದಂತೆ. ಎಲ್ಡನ್, ನಾನು ಆ ಜಾತಿಯ ಹಡಗುಗಳಿಗೆ ಎರಡು ವರ್ಷ ಬೆಸುಗೆ ಹಾಕಿದವಳು. ನಮ್ಮ ನದೀದಂಡೆಯಲ್ಲಿ, ಜೋಳ ಕಿತ್ತುಹಾಕಿದ ಹೊಲದಲ್ಲಿ, ಅವು ಸಾಲುಸಾಲಾಗಿ ಹುಟ್ಟಿ ಅಡ್ಡಡ್ಡವಾಗಿ ನೀರಿಗೆ ಉರುಳುವುದನ್ನು ನೋಡಿದ್ದೇನೆ. ನಿನ್ನ ಹದಿಮೂರು ಸೊನ್ನೆ ಆರು ಹುಟ್ಟಿದ್ದೂ ಅಲ್ಲೇ. ತಳ ಬಾಣಲೆಯ ಹಾಗೆ ಚಪ್ಪಟೆ. ಹೆಸರು ಕೂಡ ಇಲ್ಲ, ಬರೀ ನಂಬರು. ಹೊಟ್ಟೆ ತುಂಬ ಟ್ಯಾಂಕು ತುಂಬಿಕೊಂಡು ಹೋಗಿ, ಮರಳಿಗೆ ಮೂತಿಯೂರಿ, ಬಾಯಿ ತೆರೆದು ಉಗುಳುವುದು ಅದರ ಕಸುಬು. ಅದರ ಆರೋಗ್ಯದ ಸುದ್ದಿ ನನಗೆ ಬೇಡ. ನಿನ್ನದು ಹೇಳು.

ನಾಲ್ಕನೆಯ ಹಾಳೆಯ ಕೊನೆಯಲ್ಲಿ, "ನೌಕಾಪಡೆಯಿಂದ ಬಿಡುಗಡೆಗೆ ನನ್ನಂಥ ಗುಮಾಸ್ತರಿಗೆ ಮಾತ್ರ ಹೆಚ್ಚು ಸೇವೆಯ ಅಂಕ ಬೇಕು, ಉಳಿದವರ ಬಿಡುಗಡೆಯ ಕಾಗದ ಟೈಪ್ ಮಾಡಲು ಯಾರಾದರೂ ಇರಬೇಕಲ್ಲ" ಎಂದು ಬರೆದಿದ್ದೀಯ. ಓದಿ ನಾನು ಅಡುಗೆಮನೆಯಲ್ಲೇ ಕೂತುಬಿಟ್ಟೆ. ಊರವರನ್ನೆಲ್ಲ ಮನೆಗೆ ಕಳಿಸಿ ತಾನೊಬ್ಬನೇ ಅಲ್ಲಿ ಉಳಿಯುವವನನ್ನೇ ನಾನು ಆರಿಸಿಕೊಂಡೆನಲ್ಲ.

ಬಾ ಅಂದರೆ ಬಾ.

ನಿನ್ನವಳೇ, ಮುನಿಸಿಕೊಂಡಿರುವ
ಅರ್ಡಿತ್


ಎಲ್.ಎಸ್.ಟಿ. ೧೩೦೬, ಫಿಲಿಪೈನ್ಸ್
ಜನವರಿ ೨೬, ೧೯೪೬

ಪ್ರೀತಿಯ ಅರ್ಡಿತ್,

ನೀನು ಬೈದದ್ದು ತಲುಪಿತು. ನಾನು ಆರೋಗ್ಯವಾಗಿದ್ದೇನೆ. ಮೊಟ್ಟೆಯನ್ನು ಹೇಗೆ ಕೊಟ್ಟರೂ ತಿನ್ನುತ್ತೇನೆ.

ಹಡಗಿನ ವಿಷಯ ಮತ್ತೆ ಎತ್ತಬೇಕಾಗಿದೆ, ಕ್ಷಮಿಸು. ಪ್ರತಿ ಹಡಗೂ ತನ್ನ ಚರಿತ್ರೆ ಬರೆದು ಕಳಿಸಬೇಕೆಂದು ವಾಷಿಂಗ್ಟನ್ನಿನಿಂದ ಆಜ್ಞೆ ಬಂದಿದೆ. ನಮ್ಮ ಕ್ಯಾಪ್ಟನ್ ಪ್ರೇದರ್ ಅದನ್ನು ನನ್ನ ತಲೆಗೆ ಕಟ್ಟಿದ್ದಾರೆ. "ಚರಿತ್ರೆ ಮುಗಿದ ದಿನ ನಿನ್ನ ಬಿಡುಗಡೆಗೆ ಸಹಿ ಹಾಕ್ತೀನಿ ನೀಹೌಸ್" ಅಂದಿದ್ದಾರೆ. ಆದ್ದರಿಂದ ಇದು ನಿನ್ನ ವಿಷಯವೂ ಹೌದು.

ಮೊದಲು ಹೀಗೆ ಬರೆದೆ: ಓಹಾಯೋ ನದಿಯಲ್ಲಿ ಹುಟ್ಟಿ, ಮಿಸಿಸಿಪ್ಪಿಯಲ್ಲಿ ಇಳಿದು, ಪನಾಮಾ ಕಾಲುವೆ ದಾಟಿ ಪೆಸಿಫಿಕ್ಕಿಗೆ ಬಂದೆವು. ಲಿಂಗಾಯೆನ್‌ನಲ್ಲಿ ಟ್ಯಾಂಕು ಇಳಿಸಿದೆವು. ಒಕಿನಾವದಲ್ಲಿ ಮದ್ದುಗುಂಡು ಇಳಿಸಿ, ಖಾಲಿಯಾದ ಜಾಗದಲ್ಲಿ ಗಾಯಗೊಂಡವರನ್ನು ಮಲಗಿಸಿಕೊಂಡು ಹಿಂದಿರುಗಿದೆವು. ಕ್ಯಾಪ್ಟನ್ ಓದಿ, "ಲಾರಿ ಬಾಡಿಗೆ ರಸೀದಿ ಥರ ಇದೆ, ಸ್ವಲ್ಪ ಜೀವ ತುಂಬು" ಅಂದರು. ಆ ಗಾಯಾಳುಗಳಲ್ಲಿ ಒಬ್ಬ ರಾತ್ರಿಯಿಡೀ ಬೇಸ್‌ಬಾಲ್ ಸ್ಕೋರು ಕೇಳುತ್ತಿದ್ದುದನ್ನು ಬರೆದೆ. ಅದನ್ನು ಓದಿ, ಹಾಳೆಯನ್ನು ನನಗೇ ಹಿಂದಕ್ಕೆ ಕೊಟ್ಟು, "ಇಷ್ಟು ಬೇಡ" ಅಂದರು. ಅವರು ಕೆಟ್ಟವರಲ್ಲ. ಮೊದಲು ಒಂದು ಪ್ರೌಢಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು, ಈಗ ಅಲ್ಲಿಗೇ ಹಿಂದಿರುಗುವವರು.

ತೊಡಕಿರುವುದು ನವೆಂಬರಿನ ಒಂದು ಘಟನೆಯಲ್ಲಿ. ಒಂದು ದಂಡೆಯಲ್ಲಿ ಅಡ್ಮಿರಲ್ ಭಾಷಣವಿತ್ತು. ಅದಕ್ಕೆ ಬೇಕಾದ ಮಡಿಸುವ ಕುರ್ಚಿಗಳನ್ನೂ ಬಿಯರನ್ನೂ ನಾವು ಒಯ್ದಿದ್ದೆವು. ನಮ್ಮ ಹಡಗು ದಂಡೆಗೆ ನುಗ್ಗುವಾಗ, ನೆಲ ತಾಗುವುದಕ್ಕೆ ಎಷ್ಟೋ ಮೊದಲೇ ಹಿಂಬದಿಯ ಲಂಗರನ್ನು ಸಮುದ್ರಕ್ಕೆ ಬಿಟ್ಟುಬಿಡಬೇಕು. ಆಮೇಲೆ ಅದರ ಹಗ್ಗವನ್ನು ಯಂತ್ರದಿಂದ ಸುತ್ತುತ್ತಾ ನಮ್ಮನ್ನು ನಾವೇ ಹಿಂದಕ್ಕೆ ಎಳೆದುಕೊಳ್ಳಬೇಕು. ಅವತ್ತು ಲಂಗರು ಬಿಟ್ಟದ್ದು ತಡವಾಯಿತು. ಎಳೆಯಲು ಹಿಡಿತವೇ ಸಿಗಲಿಲ್ಲ. ಅದೂ ಸಮುದ್ರ ಆ ತಿಂಗಳಲ್ಲೇ ಅತಿ ಹೆಚ್ಚು ಉಬ್ಬುವ ದೊಡ್ಡ ಭರತದ ದಿನ. ನೀರಿಳಿದಾಗ ನಾವು ಒಣನೆಲದಲ್ಲಿದ್ದೆವು. ಮುಂದಿನ ದೊಡ್ಡ ಭರತ ಬರುವತನಕ ಊರಿನ ಆಡುಗಳು ಹಡಗಿನ ನೆರಳಿನಲ್ಲಿ ಮಲಗುತ್ತಿದ್ದವು.

ಲಂಗರಿನ ಯಂತ್ರದ ಬಳಿ ಇದ್ದವನು ಡ್ಯೂಯಿ ಕಾಲ್ಕಿನ್ಸ್, ನಮ್ಮ ನದಿಯ ಆಚೆ ದಡದ ಕೆಂಟಕಿಯವನು. ಅವನಿಗೆ ಬಿಡುಗಡೆಯಾಗಿ ಊರಿಗೆ ಹೋಗಿಯಾಗಿದೆ. ಅವನ ಅಜಾಗರೂಕತೆಯಿಂದ ತಡವಾಯಿತೆಂದು ಬರೆಯಬೇಕು ಎನ್ನುತ್ತಾರೆ ಕ್ಯಾಪ್ಟನ್. ಅದು ಹಾಗೆಯೇ ಆಯಿತೆಂದು ನನಗೆ ಅನಿಸುವುದಿಲ್ಲ. ಸದ್ಯಕ್ಕೆ ಎರಡು ರೀತಿಯಲ್ಲೂ ಟೈಪ್ ಮಾಡಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಅಮ್ಮನಿಗೆ ನಾನು ಕ್ಷೇಮ ಎಂದು ಹೇಳು.

ನಿನ್ನ
ಎಲ್ಡನ್


ಬ್ರೆಮರ್ಸ್ ಬೆಂಡ್
ಫೆಬ್ರವರಿ ೧೧, ೧೯೪೬

ನನ್ನ ಎಲ್ಡನ್,

ಕುರ್ಚಿ. ನನ್ನ ಗಂಡನನ್ನು ತಡೆದು ಕೂರಿಸಿರುವುದು ಶತ್ರುವಲ್ಲ, ಚಂಡಮಾರುತವಲ್ಲ, ಮಡಿಸುವ ಕುರ್ಚಿ.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಎರಡು ರೀತಿ ಟೈಪ್ ಮಾಡಿ ಇಟ್ಟಿದ್ದಾನಂತೆ ಎನ್ನುವ ಜಾಗಕ್ಕೆ ಬಂದಾಗ ಆಕೆ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. "ಚಿಕ್ಕವನಿದ್ದಾಗ್ಲೂ ಇದೇ ಕಣೆ. ಸೇಬಿನ ಪೈ ಒಂದು, ಚೆರ್ರಿ ಪೈ ಒಂದು ಮುಂದಿಟ್ರೆ ಎರಡೂ ತಣ್ಣಗಾಗೋವರ್ಗೂ ನೋಡ್ತಾ ಕೂತಿರ್ತಿದ್ದ. ಆಮೇಲೆ ಅವರಣ್ಣ ಬಂದು ಎರಡನ್ನೂ ತಿಂದ್ಕೊಂಡು ಹೋಗ್ತಿದ್ದ."

"ಎಲ್ಡನ್‌ಗೆ ಬೇಜಾರಾಗ್ತಿರಲಿಲ್ವಾ ಅತ್ತೆ?"

"ಅವನಿಗಾ? ಸದ್ಯ, ತೀರ್ಮಾನ ಆಯ್ತಲ್ಲ ಅಂತ ಸಮಾಧಾನ ಆಗ್ತಿತ್ತು."

ನೋಡು ಎಲ್ಡನ್, ಆ ಚರಿತ್ರೆಯನ್ನು ಯಾರು ಓದುತ್ತಾರೆ? ಅಂಥ ಸಾವಿರ ಹಡಗು, ಸಾವಿರ ಚರಿತ್ರೆ. ವಾಷಿಂಗ್ಟನ್ನಿನಲ್ಲಿ ಒಬ್ಬ ಅದನ್ನು ಪೆಟ್ಟಿಗೆಗೆ ಹಾಕುತ್ತಾನೆ, ಇನ್ನೊಬ್ಬ ಪೆಟ್ಟಿಗೆಯ ಮೇಲೆ ಕಾಫಿ ಲೋಟ ಇಡುತ್ತಾನೆ. ಡ್ಯೂಯಿ ಕಾಲ್ಕಿನ್ಸ್ ಎನ್ನುವವನು ಯಾರೋ ನನಗೆ ಗೊತ್ತಿಲ್ಲ, ಆದರೆ ಅವನು ಮನೆಯಲ್ಲಿದ್ದಾನೆ. ಹೆಂಡತಿಯಿದ್ದರೆ ಅವಳಿಗೆ ಅವನು ಮೊಟ್ಟೆ ಹೇಗೆ ತಿನ್ನುತ್ತಾನೆಂದು ಗೊತ್ತಿರುತ್ತದೆ. ಕ್ಯಾಪ್ಟನ್ನಿಗೆ ಏನು ಬೇಕೋ ಅದನ್ನು ಟೈಪ್ ಮಾಡು. ಹಡಗು ರೆಕ್ಕೆ ಬಿಚ್ಚಿ ಹಾರಿತೆಂದು ಬೇಕಾದರೂ ಬರೆ. ಸಹಿ ಮಾಡಿಸಿಕೊ, ಬಾ.

ನಾವು ಹಡಗು ಕಟ್ಟುತ್ತಿದ್ದ ಯಾರ್ಡನ್ನು ಬಿಚ್ಚಿ ಮಾರುತ್ತಿದ್ದಾರೆ. ನನ್ನ ಬೆಸುಗೆಯ ಮುಖಗವಸನ್ನು ವಾಪಸು ಕೊಟ್ಟು ಬಂದೆ. ಈಗ ಟೋಪಿ ಅಂಗಡಿಯಲ್ಲಿದ್ದೇನೆ. ಅಲ್ಲಿ ನನಗೆ ಕೈ ಕೆಲಸವೇ ಇಲ್ಲ, "ನಿಮಗೆ ಚೆನ್ನಾಗಿ ಒಪ್ಪುತ್ತೆ" ಎನ್ನುವುದಷ್ಟೇ ಕೆಲಸ. ದಿನವಿಡೀ ಸುಳ್ಳು ಹೇಳಿ ಸಂಜೆ ಮನೆಗೆ ಬರುತ್ತೇನೆ. ನನ್ನ ನಾಲಿಗೆಗೇನೂ ಆಗಿಲ್ಲ. ನಿನ್ನ ಬೆರಳಿಗೂ ಏನೂ ಆಗುವುದಿಲ್ಲ.

ನಿನಗಾಗಿ ಕಾದು ಸುಸ್ತಾದ
ಅರ್ಡಿತ್


ಬ್ರೆಮರ್ಸ್ ಬೆಂಡ್
ಮಾರ್ಚ್ ೫, ೧೯೪೬

ಎಲ್ಡನ್,

ಫೆಬ್ರವರಿಯಲ್ಲಿ ನಾನು ಬರೆದದ್ದನ್ನು ಹರಿದು ಎಸೆ. ಅದರಲ್ಲಿ ಹೇಳಿದಂತೆ ಮಾಡಬೇಡ. ಮೊದಲು ಇದನ್ನು ಓದು.

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ದೋಣಿಯಲ್ಲಿ ಆಚೆ ದಡದಿಂದ ಬಂದ ಒಬ್ಬ ಉದ್ದನೆಯ ಮನುಷ್ಯ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. "ಮಿಸೆಸ್ ನೀಹೌಸ್ ಅಲ್ವಾ? ಎಲ್ಡನ್ ಹೇಳಿದ್ದಕ್ಕಿಂತ ಸ್ವಲ್ಪ ಗಿಡ್ಡ ಇದೀರಿ. ನಾನು ಡ್ಯೂಯಿ ಕಾಲ್ಕಿನ್ಸ್."

ಒಳಗೆ ಕರೆಯದೆ ಇರುವುದು ಹೇಗೆ? ಅತ್ತೆ ಪರ್ಸಿಮನ್ ಹಣ್ಣಿನ ಪುಡಿಂಗ್ ಕೊಟ್ಟರು. ಅವನು ಮೂರು ಸಲ ಹಾಕಿಸಿಕೊಂಡ. ಮರಳಿನಲ್ಲಿ ಕೂತ ಹಡಗಿನ ಕತೆ ಶುರುಮಾಡಿದ. ತಾನೇ ನಗುತ್ತಾ, ನಮ್ಮನ್ನೂ ನಗಿಸುತ್ತಾ.

"ಅಡ್ಮಿರಲ್ ದಂಡೇಲಿ ನಿಂತಿದಾರೆ, ಬ್ಯಾಂಡ್ ಬಾರಿಸ್ತಿದೆ. ಕ್ಯಾಪ್ಟನ್ನಿಗೆ ಜೋರಾಗಿ ನುಗ್ಗಿ ತೋರಿಸ್ಬೇಕು ಅಂತ ಆಸೆ. ಲಂಗರು ಬಿಟ್ರೆ ವೇಗ ಕಮ್ಮಿ ಆಗುತ್ತಲ್ಲ. ನಾನು ಹಿಂದುಗಡೆ ಲಂಗರಿನ ಬ್ರೇಕ್ ಮೇಲೆ ಕೈ ಇಟ್ಕೊಂಡು ನಿಂತಿದೀನಿ. ಬಿಡ್ಲಾ ಅಂತ ಫೋನಲ್ಲಿ ಕೇಳ್ತೀನಿ, ಇನ್ನೂ ಬೇಡ. ಬಿಡ್ಲಾ? ಇನ್ನೂ ಬೇಡ. ದಡದಲ್ಲಿರೋ ತೆಂಗಿನಕಾಯಿ ಎಣಿಸ್ಬೋದು ಮಿಸೆಸ್ ನೀಹೌಸ್, ಅಷ್ಟು ಹತ್ರ. ಆವಾಗ ಬಂತು, ಬಿಡು ಅಂತ. ನಾನಂದೆ, ಈಗ್ಯಾಕೆ, ನಾಳೆ ಬಿಡ್ತೀನಿ."

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಫೋನಲ್ಲಿ ಕ್ಯಾಪ್ಟನ್ನೇ ಮಾತಾಡ್ತಾರೇನಪ್ಪಾ?"

"ಎಲ್ಲಾದ್ರೂ ಉಂಟಾ. ಕ್ಯಾಪ್ಟನ್ ಹೇಳೋದು, ಪಕ್ಕದಲ್ಲಿ ನಿಂತವನು ಫೋನಲ್ಲಿ ದಾಟಿಸೋದು. ನಿಮ್ಮ ಮಗನೇ ಅಲ್ವಾ ಅದು. ಕಿವೀಲಿ ಈಗ್ಲೂ ಕೇಳ್ಸುತ್ತೆ ನೋಡಿ, ಎಲ್ಡನ್ ಧ್ವನಿ. ಇನ್ನೂ ಬೇಡ ಡ್ಯೂಯಿ, ಇನ್ನೂ ಬೇಡ."

ನನಗೆ ನಗು ನಿಂತುಹೋಯಿತು. "ಅದು ಹಾಗೆಯೇ ಆಯಿತೆಂದು ನನಗೆ ಅನಿಸುವುದಿಲ್ಲ" ಎಂದು ಬರೆದಿದ್ದೆಯಲ್ಲ. ಅನಿಸುವ ಮಾತೆಲ್ಲಿಂದ ಬಂತು? ನಿನ್ನ ಬಾಯಿಂದಲೇ ಹೊರಟ ಮಾತದು. ನನಗೂ ಅರ್ಧ ಮಾತ್ರ ಹೇಳಿದೆ.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ನದಿಯಲ್ಲಿ ದೋಣಿಸಾಲು ಎಳೆಯುವ ಕಂಪನಿಯ ಹಡಗಿನಲ್ಲಿ ಮೇಟ್ ಕೆಲಸಕ್ಕೆ, ಅಂದರೆ ಕ್ಯಾಪ್ಟನ್ನಿನ ಕೈಕೆಳಗಿನ ಅಧಿಕಾರಿಯ ಕೆಲಸಕ್ಕೆ, ಅರ್ಜಿ ಹಾಕಿದ್ದಾನೆ. ನೌಕಾಪಡೆಯಲ್ಲಿ ಅವನ ಕೆಲಸ ಹೇಗಿತ್ತೆಂದು ಹೇಳುವವರು ಯಾರು ಎಂದು ಕಂಪನಿಯವರು ಕೇಳಿದರಂತೆ. "ನನಗೆ ಹೇಳೋರು ಯಾರಿದಾರೆ? ಹಡಗಿಗೇ ಬರೆದು ಕೇಳಿ ಅಂದೆ. ಹದಿಮೂರು ಸೊನ್ನೆ ಆರು ನನ್ನ ಬಗ್ಗೆ ಏನು ಹೇಳುತ್ತೋ ಅದೇ ನನ್ನ ಮಾತು. ಅದರ ಚರಿತ್ರೆ ಎಲ್ಡನ್ನೇ ಬರೀತಿದಾನೆ ಅಂತ ಈಗ ನಿಮ್ಮತ್ತೆ ಹೇಳಿದ್ರಲ್ಲ, ಇನ್ನೇನು ಭಯ."

ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ಅವನ ಹೆಸರಿಗೆ ಮಸಿ ಬಳಿ ಎಂದು ನಿನಗೆ ಬರೆದವಳು. ನಾನು, ಅರ್ಡಿತ್.

ಆ ಇನ್ನೊಂದು ರೀತಿಯ ಹಾಳೆಯನ್ನು ಕಳಿಸು. ನಿಜವಿರುವುದನ್ನು. ತಡವಾದರೆ ಆಗಲಿ. ಇಷ್ಟು ಕಾದವಳಿಗೆ ಇನ್ನಷ್ಟು ಕಾಯುವುದು ಬರುತ್ತದೆ, ಹಲ್ಲು ಕಚ್ಚಿಕೊಂಡಾದರೂ.

ಅರ್ಡಿತ್


ಪರ್ಲ್ ಹಾರ್ಬರ್
ಮಾರ್ಚ್ ೧೨, ೧೯೪೬

ಪ್ರೀತಿಯ ಅರ್ಡಿತ್,

ಒಳ್ಳೆಯ ಸುದ್ದಿ. ನಿನ್ನ ಫೆಬ್ರವರಿ ಪತ್ರ ನಾವು ಹೊರಡುವ ಹಿಂದಿನ ದಿನ ಕೈಸೇರಿತು. ಓದಿದೆ, ಖಾನೆ ತೆರೆದೆ, ಕ್ಯಾಪ್ಟನ್ನಿಗೆ ಬೇಕಿದ್ದ ಹಾಳೆಯನ್ನು ತೆಗೆದು ಕೊಟ್ಟೆ. ಇನ್ನೊಂದನ್ನು ಹರಿದುಹಾಕಿದೆ. ಅವರು ಸಹಿ ಮಾಡಿದರು. ಚರಿತ್ರೆ ಇಲ್ಲಿಂದ ವಿಮಾನದ ಅಂಚೆಯಲ್ಲಿ ವಾಷಿಂಗ್ಟನ್ನಿಗೆ ಹೋಯಿತು. ನೀನು ಹೇಳಿದ್ದು ಸರಿ, ಕುಳಿತು ಯೋಚಿಸಿದಷ್ಟೂ ಕೆಲಸ ಕೆಡುತ್ತದೆ.

ಹಡಗನ್ನು ಆರೆಗನ್ನಿನ ಆಸ್ಟೋರಿಯಾಕ್ಕೆ ಒಯ್ಯುತ್ತೇವೆ. ಅಲ್ಲಿ ನದಿಯಲ್ಲಿ ಕಟ್ಟಿಹಾಕಿ, ಎಂಜಿನ್ನುಗಳಿಗೆ ಗ್ರೀಸ್ ಬಳಿದು ಬಿಟ್ಟುಬಿಡುತ್ತಾರೆ. ಏಪ್ರಿಲ್ ಮುಗಿಯುವುದರೊಳಗೆ ನಾನು ಮನೆಯಲ್ಲಿರುತ್ತೇನೆ.

ನಿದ್ದೆ ಸರಿಯಾಗಿ ಬರುತ್ತಿಲ್ಲ. ಸೆಕೆ ಇರಬೇಕು.

ನಿನ್ನ
ಎಲ್ಡನ್


ಬ್ರೆಮರ್ಸ್ ಬೆಂಡ್
ಮಾರ್ಚ್ ೨೨, ೧೯೪೬

ಎಲ್ಡನ್,

ಇದನ್ನು ಆಸ್ಟೋರಿಯಾದ ವಿಳಾಸಕ್ಕೇ ಬರೆಯುತ್ತಿದ್ದೇನೆ. ಮಾರ್ಚ್ ಮೊದಲ ವಾರ ಬರೆದದ್ದು ನಿನ್ನ ಹಿಂದೆ ಹಿಂದೆ ಎಲ್ಲೆಲ್ಲೋ ಸುತ್ತುತ್ತಿರಬೇಕು. ಅದು ಸಿಕ್ಕಿದರೆ ಮೊದಲು ಅದನ್ನು ಓದು.

ಜೀವನದಲ್ಲಿ ಮೊದಲ ಸಲ ನೀನು ಒಂದು ತೀರ್ಮಾನ ತೆಗೆದುಕೊಂಡೆ, ಅದೂ ನನ್ನ ಮಾತು ಕೇಳಿ. ಯಾರ ಮೇಲೆ ಸಿಟ್ಟು ಮಾಡಲಿ? ನಿನ್ನ ಮೇಲೆ ಮಾಡೋಣವೆಂದು ಕೂತರೆ ನನ್ನ ಅಕ್ಷರವೇ ಕಣ್ಣಿಗೆ ಬರುತ್ತದೆ.

ಮನೆಗೆ ಬರಬೇಡ. ಹೌದು, ಇದನ್ನು ಬರೆಯುತ್ತಿರುವವಳು ನಾನೇ. ಬಿಡುಗಡೆ ಕೊಟ್ಟರೂ ಅಲ್ಲೇ ಇರು. ನೀನು ಬಂದು ಈ ಬೀದಿಯಲ್ಲಿ ನನ್ನ ಕೈ ಹಿಡಿದು ನಡೆಯುವಾಗ ಆಚೆ ದಡದ ದೋಣಿ ಬಂದು, ಅದರಿಂದ ಡ್ಯೂಯಿ ಇಳಿದು, "ಏನೋ ಎಲ್ಡನ್" ಎಂದು ಬೆನ್ನು ತಟ್ಟಿದರೆ ನೀನು ಎಲ್ಲಿ ನೋಡುತ್ತೀಯ? ನಾನೆಲ್ಲಿ ನೋಡಲಿ?

ಟೋಪಿ ಅಂಗಡಿಯ ಕೆಲಸ ಬಿಟ್ಟೆ. ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಮೂರು ಹಗಲು ಕೂತೇ ಬರಬೇಕಂತೆ. ಅತ್ತೆ ಬೇಯಿಸಿದ ಹ್ಯಾಮ್ ಕಟ್ಟಿಕೊಡುತ್ತಿದ್ದಾರೆ, ಕಟ್ಟುತ್ತಲೇ ನಮ್ಮಿಬ್ಬರನ್ನೂ ಬೈಯುತ್ತಿದ್ದಾರೆ.

ಅರ್ಡಿತ್


ಆಸ್ಟೋರಿಯಾ, ಆರೆಗನ್
ಏಪ್ರಿಲ್ ೧೦, ೧೯೪೬

ಪ್ರೀತಿಯ ಅತ್ತೆಯವರಿಗೆ,

ಸೇರಿದೆ. ಸೊಂಟ ಹಿಡಿದುಕೊಂಡಿದೆ, ಉಳಿದಂತೆ ಕ್ಷೇಮ.

ನಿಮ್ಮ ಮಗ ನಿಲ್ದಾಣಕ್ಕೆ ಬಂದಿದ್ದ. ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಕಪ್ಪಗಾಗಿದ್ದಾನೆ, ಇಳಿದಿದ್ದಾನೆ. ಒಂದು ನಿಮಿಷ ಇಬ್ಬರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ತೋಚಿತು. ಅದನ್ನು ನಿಮಗೆ ಬರೆಯುವುದಿಲ್ಲ. ನನ್ನ ಎರಡು ಪತ್ರಗಳೂ ಒಂದೇ ದಿನ ಅವನ ಕೈಸೇರಿದ್ದವಂತೆ. "ಓದಿದೆ" ಅಂದ. ಅಷ್ಟೇ. ಬಿಡುಗಡೆಯ ಕಾಗದ ಕ್ಯಾಪ್ಟನ್ನರ ಮೇಜಿನ ಮೇಲೆ ಸಿದ್ಧವಾಗಿದೆ, ಮಾರನೆಯ ದಿನವೇ ಹೊರಡಬಹುದು ಎಂದ. ನಾನು ಅವನ ಮುಖ ನೋಡಿದೆ. ಅವನು ನನ್ನ ಸೂಟ್‌ಕೇಸ್ ನೋಡಿದ.

ಬೆಳಿಗ್ಗೆ ಹಡಗಿಗೆ ಹೋದೆವು. ಇಲ್ಲಿ ನದಿಯಲ್ಲಿ ಅದೇ ಜಾತಿಯ ಹಡಗುಗಳು ಎಮ್ಮೆಗಳ ಹಾಗೆ ಒತ್ತಿಕೊಂಡು ನಿಂತಿವೆ. ಹದಿಮೂರು ಸೊನ್ನೆ ಆರಕ್ಕೆ ತುಕ್ಕು, ಡೊಂಕು, ಗುಂಡು ತೂರಿದಲ್ಲಿ ತೇಪೆ. ನಮ್ಮ ಯಾರ್ಡಿನ ಬೆಸುಗೆಯ ಗೆರೆಯ ಮೇಲೆ ಒಮ್ಮೆ ಕೈಯಾಡಿಸಿದೆ, ಅತ್ತೆ. ಒಕಿನಾವದಿಂದ ಬಂದವರು ಮಲಗಿದ್ದ ಜಾಗವನ್ನು ಎಲ್ಡನ್ ತೋರಿಸಿದ. ಈಗ ಅಲ್ಲಿ ಗ್ರೀಸಿನ ಡಬ್ಬಿಗಳಿವೆ.

ಕ್ಯಾಪ್ಟನ್ ಪ್ರೇದರ್ ಪೆಟ್ಟಿಗೆಗೆ ಅಂಗಿಗಳನ್ನು ತುಂಬುತ್ತಿದ್ದರು. ರಾಕ್ಷಸನನ್ನು ಎಣಿಸಿಕೊಂಡು ಹೋಗಿದ್ದೆ, ಸಿಕ್ಕಿದ್ದು ನೆಗಡಿಯಾದ ಹೆಡ್‌ಮಾಸ್ಟರು. ನನಗೆ ಕುರ್ಚಿ ಹಾಕಿದರು. ಮಡಿಸುವ ಕುರ್ಚಿ. ಅದರ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ.

ಮಾತಾಡಬೇಕಾದವನು ಎಲ್ಡನ್. ಅವನು ಟೋಪಿಯನ್ನು ತಿರುಗಿಸುತ್ತಾ ನಿಂತ. ತಡೆಯಲಾರದೆ ನಾನೇ ಶುರುಮಾಡಿದೆ. ಡ್ಯೂಯಿಯ ಅರ್ಜಿಯ ವಿಷಯ, ಎಲ್ಲ. ಅವರು ಮೂಗೊರೆಸಿಕೊಂಡು ಕೇಳಿಸಿಕೊಂಡರು.

"ಆ ಚರಿತ್ರೆ ಯಾರು ಓದ್ತಾರಮ್ಮಾ?" ಅಂದರು.

"ನಾನೂ ಹಾಗೇ ಅಂದ್ಕೊಂಡಿದ್ದೆ ಸರ್. ಡ್ಯೂಯಿಗೆ ಕೆಲಸ ಕೊಡೋ ದೋಣಿ ಕಂಪನಿಯವರು ಓದ್ತಾರೆ."

"ನಾನು ಈ ಹಡಗನ್ನ ಎಷ್ಟು ದಂಡೆಗೆ ಹತ್ತಿಸಿದೀನಿ ಗೊತ್ತಾ? ಗುಂಡು ಬೀಳ್ತಿರುವಾಗ. ಒಂದು ಸಲಾನೂ ತಪ್ಪಿಲ್ಲ. ಕೊನೇಲಿ ಒಂದು ಬ್ಯಾಂಡಿನ ಮುಂದೆ ಎಡವಿದೆ. ನನ್ನ ಶಾಲೆ ಹುಡುಗರು ಅದೊಂದನ್ನೇ ಓದ್ಬೇಕಾ?"

"ಆ ಎಲ್ಲ ದಂಡೇಲೂ ಹಿಂದುಗಡೆ ಯಂತ್ರದ ಹತ್ರ ಇದ್ದೋನು ಡ್ಯೂಯಿನೇ ಅಲ್ವಾ ಸರ್?"

ಅವರು ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟರು. ಆಮೇಲೆ ಎಲ್ಡನ್ ಕಡೆ ತಿರುಗಿದರು. "ನಾನು ಸಹಿ ಹಾಕಿದ್ದನ್ನ ನಾನೇ ಹೊಡೆದು ಹಾಕಲ್ಲ ನೀಹೌಸ್. ನಿನಗೆ ಬೇಕಿದ್ರೆ ನಿನ್ನ ಹೇಳಿಕೆ ಬರೆದು ಲಗತ್ತಿಸು. ನಿನ್ನ ಹೆಸರಲ್ಲಿ. ದಾರಿಗೆ ಅಡ್ಡ ಬರಲ್ಲ. ಆದ್ರೆ ವಾಷಿಂಗ್ಟನ್ನಿಂದ ವಿಚಾರಣೆ ಆಗೋವರ್ಗೂ ನಿನ್ನನ್ನ ಬಿಡೋ ಹಾಗಿಲ್ಲ. ತಿಂಗಳಾಗ್ಬೋದು, ಮೂರು ಆಗ್ಬೋದು. ಇಲ್ಲಾ, ಇಗೋ ಬಿಡುಗಡೆ ಕಾಗದ. ತಗೊಂಡು ಹೋಗು."

ಎಲ್ಡನ್ ನನ್ನ ಕಡೆ ನೋಡಿದ. ಅತ್ತೆ, ನನ್ನ ನಾಲಿಗೆಯ ತುದಿಯಲ್ಲಿ ಎಷ್ಟು ಮಾತಿದ್ದವೆಂದು ನಿಮಗೆ ಗೊತ್ತು. ಕಿಟಕಿಯ ಕಡೆ ತಿರುಗಿ ನಿಂತೆ. ಇನ್ನೊಂದು ಸಲ ನಾನು ಹೇಳಿದೆನೆಂದು ಅವನು ಏನನ್ನೂ ಮಾಡಬಾರದು. ಹೊರಗೆ ಒಂದು ಹಕ್ಕಿ ಇನ್ನೊಂದರ ಬಾಯಿಂದ ಮೀನು ಕಸಿಯುತ್ತಿತ್ತು. ಅದನ್ನೇ ನೋಡುತ್ತಾ ಅವನ ಮೇಲೆ ಉರಿದುಕೊಂಡೆ. ಎಷ್ಟು ಹೊತ್ತು, ದೇವರೇ, ಒಬ್ಬ ಮನುಷ್ಯ ಯೋಚಿಸುವುದು ಎಷ್ಟು ಹೊತ್ತು.

ಹಿಂದೆ ಟೈಪ್‌ರೈಟರಿಗೆ ಹಾಳೆ ತೂರಿಸಿದ ಸದ್ದಾಯಿತು.

ಅವನು ನಿಲ್ಲಿಸದೆ ಹೊಡೆದ, ಅರ್ಧ ಹಾಳೆ ಇರಬಹುದು. ಕ್ಯಾಪ್ಟನ್ನಿಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ಪೆನ್ಸಿಲ್ಲಿಟ್ಟು, "ಇಲ್ಲಿ ನಾನು 'ಇನ್ನೂ ಬೇಡ' ಅಂದಿದ್ದು ಎರಡು ಸಲ ಅಂತ ಹಾಕಿದೀಯ. ಮೂರು ಸಲ ಅಂದಿದ್ದೆ" ಅಂದರು. ಎಲ್ಡನ್ ತಿದ್ದಿದ. ಅವರು ಬಿಡುಗಡೆಯ ಕಾಗದವನ್ನು ಎರಡಾಗಿ ಮಡಿಸಿ ತಮ್ಮ ಜೇಬಿನಲ್ಲಿಟ್ಟುಕೊಂಡರು.

ಆದ್ದರಿಂದ ಸುದ್ದಿ ಏನೆಂದರೆ ನಿಮ್ಮ ಮಗ ಸದ್ಯಕ್ಕೆ ಬರುವುದಿಲ್ಲ. ನಾನೂ ಬರುವುದಿಲ್ಲ. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಾಳೆಯಿಂದ ಕೆಲಸಕ್ಕೆ ಸೇರುತ್ತಿದ್ದೇನೆ. ಅದರ ಮೇಲೆಯೇ ಒಂದು ಕೋಣೆ ಸಿಕ್ಕಿದೆ. ವಾಸನೆಯನ್ನು ವರ್ಣಿಸುವುದಿಲ್ಲ. ಎಲ್ಡನ್ ಸಂಜೆ ಹಡಗಿನಿಂದ ಬರುತ್ತಾನೆ. ಇವತ್ತು ಬಂದವನು ಬಾಗಿಲಲ್ಲಿ ನಿಂತು, ಶೂ ಬಿಚ್ಚಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದಾನೆ. ನಾನು ಈ ಪತ್ರ ಶುರುಮಾಡಿದಾಗಲೂ ಅಲ್ಲೇ ಇದ್ದ.

ಇಲ್ಲಿಗೇ ಮುಗಿಸುತ್ತೇನೆ, ಅವನನ್ನು ಒಳಗೆ ಕರೆದುಕೊಳ್ಳಬೇಕು.

ನಿಮ್ಮ ಸೊಸೆ
ಅರ್ಡಿತ್